ಬಿ.ಕಾಂ. ಓದಿದವರು ಹ್ಯಾಮ್ ಪರೀಕ್ಷೆಗೆ ಎಷ್ಟು ರೇಡಿಯೊ ವಿಜ್ಞಾನ ಕಲಿಯಬೇಕು?

ಪ್ರಶ್ನೆ: ನಾನು ದಾವಣಗೆರೆಯ ನಿಟ್ಟುವಳ್ಳಿಯವಳು. ಬಿ.ಕಾಂ. ಮುಗಿಸಿ ಜವಳಿ ಅಂಗಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಹ್ಯಾಮ್ ರೇಡಿಯೊ, ಎಂದರೆ ಹವ್ಯಾಸಿ ರೇಡಿಯೊ ಪರವಾನಗಿ ಪಡೆಯಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಆದರೆ ಪಠ್ಯಕ್ರಮ ತೆರೆದರೆ ಓಮ್‌ನ ನಿಯಮ, ಅನುರಣನ, ಮಾಡ್ಯುಲೇಶನ್, ಆಂಟೆನಾ, ಅಯಾನುಗೋಳ ಎಂದು ಉದ್ದನೆಯ ಪಟ್ಟಿ ಕಾಣುತ್ತದೆ. ಎಂಜಿನಿಯರಿಂಗ್ ಓದದ ನಾನು ಇದನ್ನೆಲ್ಲ ಎಷ್ಟು ಆಳಕ್ಕೆ ಕಲಿಯಬೇಕು, ಎಲ್ಲಿಂದ ಆರಂಭಿಸಬೇಕು?

ಉತ್ತರ: ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ವಿದ್ಯುತ್ ಪಾಠ ಅರ್ಥವಾಗಿ, ಗುಣಾಕಾರ, ಭಾಗಾಕಾರ, ವರ್ಗಮೂಲಗಳನ್ನು ಅಳುಕಿಲ್ಲದೆ ಮಾಡಬಲ್ಲ ಯಾರಿಗೇ ಆದರೂ ಈ ಪರೀಕ್ಷೆ ಕೈಗೆಟುಕುವಂಥದ್ದೇ. ಇಲ್ಲಿ ಕೇಳುವ ವಿಜ್ಞಾನ ಅಷ್ಟೇನೂ ಆಳವಾದದ್ದಲ್ಲ. ಆದರೆ ಒಂದು ಅಧ್ಯಾಯಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲದಂತೆ ಬಿಡಿಬಿಡಿಯಾಗಿ ಓದಿಕೊಂಡಾಗ ಅದು ಬೆಟ್ಟದಷ್ಟು ಕಾಣುತ್ತದೆ. ಆದ್ದರಿಂದ ನನ್ನ ಸಲಹೆ ಇಷ್ಟು: ಮನೆಯ ತಾರಸಿಯ ಮೇಲೆ 7 ಮೆಗಾಹರ್ಟ್ಸ್‌ಗೆ ಡೈಪೋಲ್ ಎಂಬ ಆಂಟೆನಾ ತಂತಿಯೊಂದನ್ನು ಕಟ್ಟುವ ಕೆಲಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಆ ಕೆಲಸ ಯಾವ ಕ್ರಮದಲ್ಲಿ ಪ್ರಶ್ನೆ ಎಬ್ಬಿಸುತ್ತದೆಯೋ ಅದೇ ಕ್ರಮದಲ್ಲಿ ಪಾಠಗಳನ್ನು ಓದಿ. ಪಠ್ಯಕ್ರಮದ ಬಹುಪಾಲು ಆ ಒಂದು ತಂತಿಯ ಸುತ್ತಲೇ ಬಂದು ನಿಲ್ಲುತ್ತದೆ.

ಪರೀಕ್ಷೆಯ ಸ್ವರೂಪವನ್ನು ಚಿಕ್ಕದಾಗಿ ಹೇಳಿ ಮುಂದಕ್ಕೆ ಹೋಗುತ್ತೇನೆ. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯು 1978ರ ಹವ್ಯಾಸಿ ಸೇವಾ ನಿಯಮಗಳು ಮತ್ತು ಅವುಗಳ ತಿದ್ದುಪಡಿಗಳ ಚೌಕಟ್ಟಿನಲ್ಲಿ ರೂಪಿಸಿದ ಪರೀಕ್ಷೆ ಇದು. ಅಭ್ಯರ್ಥಿಗೆ 12 ವರ್ಷ ತುಂಬಿರಬೇಕು. ಇಂಥದ್ದೇ ಪದವಿ ಬೇಕೆಂಬ ನಿರ್ಬಂಧವಿಲ್ಲ. ರಿಸ್ಟ್ರಿಕ್ಟೆಡ್ ಮತ್ತು ಜನರಲ್ ಎಂಬ ಎರಡು ದರ್ಜೆಗಳಿದ್ದು, ಎರಡಕ್ಕೂ ರೇಡಿಯೊ ಸಿದ್ಧಾಂತ ಮತ್ತು ರೇಡಿಯೊ ನಿಯಮಗಳು ಎಂಬ ಎರಡು ಭಾಗಗಳ ಲಿಖಿತ ಪರೀಕ್ಷೆ ಇರುತ್ತದೆ. ಜನರಲ್ ದರ್ಜೆಗೆ ಇದರ ಜೊತೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮಾರ್ಸ್ ಸಂಕೇತವನ್ನು ಕಳುಹಿಸುವ ಮತ್ತು ಕೇಳಿ ಬರೆದುಕೊಳ್ಳುವ ಪರೀಕ್ಷೆಯೂ ಉಂಟು. ರಿಸ್ಟ್ರಿಕ್ಟೆಡ್ ದರ್ಜೆಯವರ ಕಾಲ್‌ಸೈನ್ (ಗಾಳಿಯಲ್ಲಿ ಗುರುತು ಹೇಳಿಕೊಳ್ಳುವ ಅಕ್ಷರ–ಅಂಕಿಗಳು) ವಿಯು3 ಎಂದೂ ಜನರಲ್ ದರ್ಜೆಯವರದು ವಿಯು2 ಎಂದೂ ಆರಂಭವಾಗುತ್ತದೆ. ಕೆಲಸಕ್ಕೆ ಹೋಗುತ್ತಲೇ ಓದಬೇಕಾದ ನಿಮ್ಮಂಥವರು ಮೊದಲು ರಿಸ್ಟ್ರಿಕ್ಟೆಡ್ ದರ್ಜೆ ಬರೆದು, ಗಾಳಿಯಲ್ಲಿ ಮಾತನಾಡುವ ಅನುಭವ ಪಡೆದ ಮೇಲೆ ಮಾರ್ಸ್‌ಗೆ ಕೈಹಾಕುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಈಗ ತಂತಿಯ ವಿಷಯಕ್ಕೆ ಬರೋಣ. ತಂತಿ ಎಷ್ಟು ಉದ್ದವಿರಬೇಕು ಎಂದು ಕೇಳಿದ ಕ್ಷಣವೇ ಆವೃತ್ತಿ ಮತ್ತು ತರಂಗದೂರದ ಪಾಠ ಆರಂಭವಾಗುತ್ತದೆ. ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್ ವೇಗದಲ್ಲಿ ಚಲಿಸುತ್ತದೆ; ಆದ್ದರಿಂದ 300 ಎಂಬ ಸಂಖ್ಯೆಯನ್ನು ಮೆಗಾಹರ್ಟ್ಸ್‌ನಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ಮೀಟರ್‌ನಲ್ಲಿ ತರಂಗದೂರ ಸಿಗುತ್ತದೆ. ನಮ್ಮ ಭಾಗದವರು ಕೇಳಿಕೊಂಡು ಬಂದ ಆಕಾಶವಾಣಿ ಭದ್ರಾವತಿಯ ಮಧ್ಯಮ ತರಂಗದ ಆವೃತ್ತಿ 675 ಕಿಲೋಹರ್ಟ್ಸ್, ಎಂದರೆ 0.675 ಮೆಗಾಹರ್ಟ್ಸ್, ಅದರ ತರಂಗದೂರ ಸುಮಾರು 444 ಮೀಟರ್. ಹ್ಯಾಮ್‌ಗಳ 7.1 ಮೆಗಾಹರ್ಟ್ಸ್‌ಗೆ ಅದೇ ಲೆಕ್ಕ ಹಾಕಿದರೆ 42.25 ಮೀಟರ್ ಬರುತ್ತದೆ. ಈ ಭಾಗವನ್ನು 40 ಮೀಟರ್ ಬ್ಯಾಂಡ್ ಎಂದು ಕರೆಯುವುದು ಅದಕ್ಕೇ. ಭಾರತದಲ್ಲಿ ಈ ಬ್ಯಾಂಡ್ 7000ರಿಂದ 7200 ಕಿಲೋಹರ್ಟ್ಸ್‌ವರೆಗೆ ಇದೆ, ಮತ್ತು ಇಂಥ ಮೇರೆಗಳನ್ನು ಬಾಯಿಪಾಠ ಮಾಡಲೇಬೇಕು.

ಡೈಪೋಲ್ ಎಂದರೆ ಅರ್ಧ ತರಂಗದೂರದ ತಂತಿಯನ್ನು ನಡುವೆ ಕತ್ತರಿಸಿ, ಆ ನಡುವಿನಲ್ಲಿ ಕೇಬಲ್ ಜೋಡಿಸಿದ ಆಂಟೆನಾ. 42.25ರ ಅರ್ಧ 21.1 ಮೀಟರ್ ಆದರೂ, ತಂತಿಯ ದಪ್ಪ ಮತ್ತು ತುದಿಗಳ ಪರಿಣಾಮದಿಂದ ನಿಜವಾದ ಉದ್ದ ಸುಮಾರು ಶೇ 5ರಷ್ಟು ಕಡಿಮೆ ಸಾಕಾಗುತ್ತದೆ, ಹಾಗಾಗಿ 20.1 ಮೀಟರ್, ಒಂದೊಂದು ಕೈಗೆ ಹತ್ತು ಮೀಟರ್ ಚಿಲ್ಲರೆ. ಇಲ್ಲಿಗೆ ದಾವಣಗೆರೆಯ ನಿವೇಶನದ ಅಳತೆ ಅಡ್ಡ ಬರುತ್ತದೆ. 20.1 ಮೀಟರ್ ಎಂದರೆ 66 ಅಡಿ. 30–40ರ ನಿವೇಶನದ ಮೂಲೆಯಿಂದ ಮೂಲೆಗೆ ಇರುವುದು ಸರಿಯಾಗಿ 50 ಅಡಿ. ನೇರವಾಗಿ ಎಳೆದರೆ ತಂತಿ ಪಕ್ಕದ ಮನೆಯ ಮೇಲೆ ಹೋಗುತ್ತದೆ. ಇದಕ್ಕೆ ಪರಿಹಾರವಾಗಿ ನಡುವೆ ಎತ್ತರದ ಕಂಬ ನಿಲ್ಲಿಸಿ, ಎರಡೂ ಕೈಗಳನ್ನು ಇಳಿಜಾರಾಗಿ ಮೂಲೆಗಳಿಗೆ ಎಳೆದು ಕಟ್ಟುತ್ತಾರೆ. ತಲೆಕೆಳಗಾದ ‘ವಿ’ ಆಕಾರದ ಈ ಕಟ್ಟುವಿಕೆಗೆ ಇನ್ವರ್ಟೆಡ್ ವಿ ಎಂಬ ಹೆಸರಿದೆ. ಕಂಬದ ತುದಿ ತಾರಸಿಯಿಂದ 9 ಮೀಟರ್ ಮೇಲಿದ್ದರೆ, ಪೈಥಾಗೊರಸ್ ಪ್ರಮೇಯದ ಲೆಕ್ಕದಂತೆ, ತಂತಿಯ ತುದಿಗಳು ಮೂಲೆಗಳಲ್ಲಿ ತಾರಸಿಯಿಂದ ಸುಮಾರು ಎರಡೂವರೆ ಮೀಟರ್ ಎತ್ತರದಲ್ಲಿ ನಿಲ್ಲುತ್ತವೆ. ಆ ಎತ್ತರ ಮುಖ್ಯ. ಪ್ರಸಾರ ಮಾಡುವಾಗ ಡೈಪೋಲ್‌ನ ನಡುವೆ ವಿದ್ಯುತ್ ಪ್ರವಾಹ ಗರಿಷ್ಠವಾಗಿರುತ್ತದೆ, ತುದಿಗಳಲ್ಲಿ ವೋಲ್ಟೇಜ್ ಗರಿಷ್ಠವಾಗಿರುತ್ತದೆ. ಬಟ್ಟೆ ಒಣಹಾಕಲು ಬಂದವರ ಕೈಗೆ ತುದಿ ತಾಗಿದರೆ ಚರ್ಮ ಸುಡುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಡೈಪೋಲ್‌ನ ಪ್ರವಾಹ ಮತ್ತು ವೋಲ್ಟೇಜ್ ಹಂಚಿಕೆಯ ಚಿತ್ರ ಬರೆಯಿರಿ ಎಂದು ಕೇಳಿದರೆ ಈ ಬಟ್ಟೆಯ ತಂತಿಯನ್ನು ನೆನಪಿಸಿಕೊಳ್ಳಿ.

ತಂತಿ ಏಕೆ ಅದೇ ಉದ್ದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಅನುರಣನದ ಪಾಠ. ಒಂದು ಸುರುಳಿ ಮತ್ತು ಒಂದು ಕೆಪಾಸಿಟರ್ ಜೊತೆಗೂಡಿದರೆ, ಯಾವುದೋ ಒಂದು ಆವೃತ್ತಿಯಲ್ಲಿ ಅವೆರಡರ ವಿರೋಧಗಳು ಪರಸ್ಪರ ರದ್ದಾಗುತ್ತವೆ. ಆವೃತ್ತಿ ಏರಿದಂತೆ ಸುರುಳಿಯ ವಿರೋಧ ಏರುತ್ತದೆ, ಕೆಪಾಸಿಟರಿನದು ಇಳಿಯುತ್ತದೆ; ಎರಡೂ ಸಮವಾಗುವ ಬಿಂದುವೇ ಅನುರಣನ ಆವೃತ್ತಿ. ಅದರ ಸೂತ್ರವನ್ನು ಓದಿ ಮುಚ್ಚಿಡುವ ಬದಲು ಒಮ್ಮೆ ಸಂಖ್ಯೆ ಹಾಕಿ ನೋಡಿ. 5 ಮೈಕ್ರೊಹೆನ್ರಿಯ ಸುರುಳಿ ಮತ್ತು 100 ಪಿಕೊಫ್ಯಾರಡ್‌ನ ಕೆಪಾಸಿಟರ್ ತೆಗೆದುಕೊಂಡು, ಎರಡರ ಗುಣಲಬ್ಧದ ವರ್ಗಮೂಲವನ್ನು 6.28ರಿಂದ ಗುಣಿಸಿ, ಬಂದ ಉತ್ತರದಿಂದ 1ನ್ನು ಭಾಗಿಸಿದರೆ 7.12 ಮೆಗಾಹರ್ಟ್ಸ್ ಬರುತ್ತದೆ, ಎಂದರೆ ಸರಿಯಾಗಿ ನಮ್ಮ 40 ಮೀಟರ್ ಬ್ಯಾಂಡಿನ ನಡುವೆ. ಈ ಒಂದು ಲೆಕ್ಕವನ್ನು ಮೈಕ್ರೊ, ಪಿಕೊಗಳ ಸೊನ್ನೆಗಳು ತಪ್ಪದಂತೆ ಕಾಗದದ ಮೇಲೆ ಮಾಡಬಲ್ಲಿರಾದರೆ ಸಿದ್ಧಾಂತ ಭಾಗದ ಅತಿ ಕಷ್ಟದ ಗಣಿತವನ್ನು ದಾಟಿದಂತೆಯೇ. ಲೆಕ್ಕಪತ್ರದಲ್ಲಿ ದಶಾಂಶದ ಸ್ಥಾನ ಕಾಯುವ ಅಭ್ಯಾಸ ಇಲ್ಲಿ ನಿಮ್ಮ ನೆರವಿಗೆ ಬರುತ್ತದೆ.

ಆಂಟೆನಾದಿಂದ ಸೆಟ್ಟಿಗೆ ಬರುವ ಕೇಬಲ್ ಮುಂದಿನ ವಿಷಯ. ಹ್ಯಾಮ್ ಸೆಟ್ಟುಗಳು 50 ಓಮ್ ಇಂಪೀಡೆನ್ಸ್‌ಗೆ (ಪರ್ಯಾಯ ಪ್ರವಾಹಕ್ಕೆ ಎದುರಾಗುವ ಒಟ್ಟು ವಿರೋಧಕ್ಕೆ) ತಯಾರಾಗಿರುತ್ತವೆ, ಆರ್‌ಜಿ-58 ಅಥವಾ ಆರ್‌ಜಿ-213 ಕೇಬಲ್ ಕೂಡ 50 ಓಮ್‌ನದೇ. ತೆರೆದ ಅವಕಾಶದಲ್ಲಿ ಡೈಪೋಲ್‌ನ ನಡುವಿನ ಇಂಪೀಡೆನ್ಸ್ ಸುಮಾರು 73 ಓಮ್. ಕೈಗಳನ್ನು ಇಳಿಜಾರಾಗಿ ಎಳೆದಾಗ ಅದು 50ರ ಹತ್ತಿರಕ್ಕೆ ಬರುತ್ತದೆ. ಹೊಂದಾಣಿಕೆ ಸರಿಯಿಲ್ಲದಿದ್ದರೆ ಕಳುಹಿಸಿದ ಶಕ್ತಿಯ ಒಂದು ಪಾಲು ಆಂಟೆನಾದಿಂದ ಹಿಂದಕ್ಕೆ ಮರಳುತ್ತದೆ. ಆ ಮರಳುವಿಕೆಯ ಅಳತೆಯೇ ಎಸ್‌ಡಬ್ಲ್ಯುಆರ್. ಅದು 1.5 ಇದ್ದರೆ ಮರಳುವುದು ಶೇ 4, 2 ಇದ್ದರೆ ಶೇ 11, 3 ಇದ್ದರೆ ಶೇ 25. ಹೊಸಬರು 1.5ರಿಂದ 1.1ಕ್ಕೆ ಇಳಿಸಲು ದಿನಗಟ್ಟಲೆ ತಾರಸಿ ಹತ್ತಿ ಇಳಿಯುವುದನ್ನು ಕಂಡಿದ್ದೇನೆ. ಈ ಶೇಕಡಾವಾರು ಲೆಕ್ಕ ತಿಳಿದಿದ್ದರೆ ಆ ಶ್ರಮ ಉಳಿಯುತ್ತದೆ. 3ನ್ನು ಮೀರಿದರೆ ಮಾತ್ರ ಪ್ರಸಾರ ನಿಲ್ಲಿಸಿ ಕಾರಣ ಹುಡುಕಬೇಕು.

ತಂತಿಯನ್ನು ಸರಿಹೊಂದಿಸುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕತ್ತರಿಸಿದ ತಂತಿಯನ್ನು ಮತ್ತೆ ಉದ್ದ ಮಾಡುವುದು ಕಿರಿಕಿರಿಯ ಕೆಲಸವಾದ್ದರಿಂದ 20.1ರ ಬದಲು 20.5 ಮೀಟರ್ ಇಟ್ಟುಕೊಂಡು ಆರಂಭಿಸುತ್ತಾರೆ. ಮನೆ ವೈರಿಂಗಿಗೆ ಬಳಸುವ ತಾಮ್ರದ ವೈರು ಸಾಕು. ತುದಿಗಳಿಗೆ ಪಿವಿಸಿ ಪೈಪಿನ ತುಂಡಿಗೆ ಎರಡು ತೂತು ಕೊರೆದು ಇನ್ಸುಲೇಟರ್ ಮಾಡಿಕೊಂಡರೆ ನಡೆಯುತ್ತದೆ. ಮೇಲೆ ಏರಿಸಿ ಆಂಟೆನಾ ಅನಲೈಸರ್ ಎಂಬ ಅಳತೆಯ ಉಪಕರಣದಲ್ಲಿ ನೋಡಿದಾಗ ಅತಿ ಕಡಿಮೆ ಎಸ್‌ಡಬ್ಲ್ಯುಆರ್ 6.95 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿತು ಎಂದಿಟ್ಟುಕೊಳ್ಳಿ. ತಂತಿ ಉದ್ದವಾಗಿದೆ ಎಂದರ್ಥ. 20.5ನ್ನು 6.95ರಿಂದ ಗುಣಿಸಿ 7.1ರಿಂದ ಭಾಗಿಸಿದರೆ 20.07 ಬರುತ್ತದೆ, ಆದ್ದರಿಂದ ಒಂದೊಂದು ಕೈಯಿಂದ ಸುಮಾರು 21 ಸೆಂಟಿಮೀಟರ್ ತೆಗೆಯಬೇಕು, ಅದೂ ಒಂದೇ ಸಲಕ್ಕೆ ಕತ್ತರಿಸದೆ ಮೊದಲು ಮಡಚಿ ಸುತ್ತಿ ನೋಡಬೇಕು. ಇಲ್ಲಿ ನಿಯಮಗಳ ಭಾಗವೂ ಬಂದು ಸೇರುತ್ತದೆ. ಅನಲೈಸರ್ ಹೊರಬಿಡುವ ಶಕ್ತಿ ಅತ್ಯಲ್ಪವಾದ್ದರಿಂದ 6.95ರಲ್ಲಿ ಅಳೆಯಲು ಅಡ್ಡಿಯಿಲ್ಲ. ಆದರೆ ಅದೇ ಅಳತೆಯನ್ನು ಸೆಟ್ಟಿನಿಂದ ಪ್ರಸಾರ ಮಾಡಿ ನೋಡುವಂತಿಲ್ಲ, ಏಕೆಂದರೆ ಆ ಆವೃತ್ತಿ ಹ್ಯಾಮ್‌ಗಳದ್ದಲ್ಲ. ಅನಲೈಸರ್ ಇಲ್ಲದವರು, ಪರವಾನಗಿ ಇರುವವರಾದರೆ, ಬ್ಯಾಂಡಿನ ಎರಡು ಅಂಚುಗಳ ಒಳಗೆ ಕಡಿಮೆ ಶಕ್ತಿಯಲ್ಲಿ ಅಳೆದು, 7.0ರ ಕಡೆ ಎಸ್‌ಡಬ್ಲ್ಯುಆರ್ ಕಡಿಮೆಯಿದ್ದರೆ ತಂತಿ ಉದ್ದ, 7.2ರ ಕಡೆ ಕಡಿಮೆಯಿದ್ದರೆ ತಂತಿ ಗಿಡ್ಡ ಎಂದು ತಿಳಿಯಬಹುದು.

ಸೆಟ್ಟಿನ ಇನ್ನೊಂದು ಬದಿಯಲ್ಲಿ ವಿದ್ಯುತ್ ಪೂರೈಕೆ ಇದೆ, ಓಮ್‌ನ ನಿಯಮ ಅಲ್ಲಿ ಕೂತಿದೆ. 100 ವ್ಯಾಟ್‌ನ ಸೆಟ್ಟು ಪೂರ್ಣ ಶಕ್ತಿಯಲ್ಲಿ 13.8 ವೋಲ್ಟ್‌ಗೆ ಸುಮಾರು 20 ಆಂಪಿಯರ್ ಎಳೆಯುತ್ತದೆ. ಪವರ್ ಸಪ್ಲೈಯಿಂದ ಸೆಟ್ಟಿಗೆ ಐದು ಮೀಟರ್ ದೂರವಿದ್ದು, ಎರಡೂವರೆ ಎಂಎಂ ವೈರು ಬಳಸಿದಿರಿ ಎಂದುಕೊಳ್ಳೋಣ. ಹೋಗುವ ಬರುವ ಎರಡೂ ಎಳೆ ಸೇರಿ ಹತ್ತು ಮೀಟರ್. ಅದರ ರೋಧ ಸುಮಾರು 0.074 ಓಮ್. ಇಷ್ಟು ಸಣ್ಣ ರೋಧ ಏನು ಮಾಡೀತು ಎನಿಸಬಹುದು. 20 ಆಂಪಿಯರ್‌ನಿಂದ ಗುಣಿಸಿದರೆ 1.5 ವೋಲ್ಟ್ ದಾರಿಯಲ್ಲೇ ಕಳೆದುಹೋಗಿ ಸೆಟ್ಟಿಗೆ 12.3 ವೋಲ್ಟ್ ಮಾತ್ರ ತಲಪುತ್ತದೆ, ಮತ್ತು ಸುಮಾರು 30 ವ್ಯಾಟ್ ಬರೀ ವೈರನ್ನು ಬಿಸಿಮಾಡಲು ವ್ಯಯವಾಗುತ್ತದೆ. ಮಾತಿನ ನಡುವೆ ಸೆಟ್ಟು ತಾನಾಗಿ ಆರಿಹೋಗುವ ದೂರಿಗೆ ಬಹಳ ಸಲ ಇದೇ ಕಾರಣ. ವೋಲ್ಟೇಜ್, ಪ್ರವಾಹ, ರೋಧ, ಶಕ್ತಿ ಎಂಬ ನಾಲ್ಕು ರಾಶಿಗಳಲ್ಲಿ ಎರಡನ್ನು ಕೊಟ್ಟರೆ ಉಳಿದೆರಡನ್ನು ಕಂಡುಹಿಡಿಯುವ ಅಭ್ಯಾಸ ನಿಮಗಿರಲಿ.

ಡೆಸಿಬೆಲ್ ಎಂದ ಕೂಡಲೇ ಹಲವರು ಪುಟ ತಿರುವುತ್ತಾರೆ. ಎರಡು ಸಂಗತಿ ಸಾಕು: 3 ಡೆಸಿಬೆಲ್ ಎಂದರೆ ಶಕ್ತಿ ದುಪ್ಪಟ್ಟು, 10 ಡೆಸಿಬೆಲ್ ಎಂದರೆ ಹತ್ತು ಪಟ್ಟು. ಬರುವ ಸಿಗ್ನಲ್‌ನ ಬಲ ತೋರಿಸುವ, ಸೆಟ್ಟಿನ ಎಸ್ ಮೀಟರ್‌ನಲ್ಲಿ ಒಂದು ಅಂಕಕ್ಕೂ ಮುಂದಿನದಕ್ಕೂ 6 ಡೆಸಿಬೆಲ್ ಅಂತರ, ಅಂದರೆ ನಾಲ್ಕು ಪಟ್ಟು. ಆದ್ದರಿಂದ 25 ವ್ಯಾಟ್ ಪ್ರಸಾರವನ್ನು 100 ವ್ಯಾಟ್‌ಗೆ ಏರಿಸಿದರೂ ಕೇಳುವವರ ಮೀಟರ್ ಒಂದೇ ಅಂಕ ಮೇಲೇರುತ್ತದೆ. ಕಡಿಮೆ ಶಕ್ತಿಯ ಮಿತಿಯಿರುವ ದರ್ಜೆಯೆಂದು ರಿಸ್ಟ್ರಿಕ್ಟೆಡ್ ಬಗ್ಗೆ ಬೇಸರಪಡುವವರು ಈ ಲೆಕ್ಕವನ್ನು ಗಮನಿಸಬೇಕು. ಅದೇ ಲೆಕ್ಕ ಕೇಬಲ್‌ಗೂ ಅನ್ವಯಿಸುತ್ತದೆ: 30 ಮೀಟರ್ ಆರ್‌ಜಿ-58 ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ಸುಮಾರು 1 ಡೆಸಿಬೆಲ್‌ನಷ್ಟನ್ನೇ ನುಂಗುತ್ತದೆ, ಆದರೆ 145 ಮೆಗಾಹರ್ಟ್ಸ್‌ನಲ್ಲಿ 6 ಡೆಸಿಬೆಲ್‌ನಷ್ಟು ನುಂಗಿ, ಹಾಕಿದ ಶಕ್ತಿಯ ಕಾಲು ಭಾಗವನ್ನು ಮಾತ್ರ ಆಂಟೆನಾಕ್ಕೆ ತಲಪಿಸುತ್ತದೆ.

ತಂತಿಯಿಂದ ಹೊರಟ ಅಲೆ ಎಲ್ಲಿಗೆ ಹೋಗುತ್ತದೆ ಎಂಬುದು ಈ ವಿದ್ಯೆಯ ಅತ್ಯಂತ ಸೊಗಸಾದ ಭಾಗವೆಂದು ನನಗೆ ಅನಿಸುತ್ತದೆ. ನೆಲದಿಂದ ಸುಮಾರು 60 ಕಿಲೋಮೀಟರ್ ಮೇಲಿನಿಂದ ನೂರಾರು ಕಿಲೋಮೀಟರ್‌ವರೆಗೆ ಸೂರ್ಯನ ವಿಕಿರಣವು ಗಾಳಿಯ ಕಣಗಳನ್ನು ಅಯಾನುಗಳಾಗಿ ಒಡೆದಿರುತ್ತದೆ. ಈ ಅಯಾನುಗೋಳದ ಕೆಳಗಿನ ‘ಡಿ’ ಪದರ ಹಗಲಿನಲ್ಲಿ ಮಾತ್ರ ಇರುತ್ತದೆ ಮತ್ತು ಕಡಿಮೆ ಆವೃತ್ತಿಯ ಅಲೆಗಳನ್ನು ಹೀರಿಕೊಳ್ಳುತ್ತದೆ. ಮೇಲಿನ ‘ಎಫ್’ ಪದರ ಅಲೆಯನ್ನು ಬಾಗಿಸಿ ಮತ್ತೆ ನೆಲಕ್ಕೆ ಕಳುಹಿಸುತ್ತದೆ. ಹಗಲು ಭದ್ರಾವತಿ, ಧಾರವಾಡಗಳಷ್ಟೇ ಕೇಳಿಸುತ್ತಿದ್ದ ರೇಡಿಯೊದಲ್ಲಿ ರಾತ್ರಿಯಾದಂತೆ ಬೇರೆ ಬೇರೆ ಭಾಷೆಗಳ ದೂರದ ಕೇಂದ್ರಗಳು ನುಗ್ಗಿಬರುತ್ತಿದ್ದುದು ‘ಡಿ’ ಪದರ ಮಾಯವಾದ ಕಾರಣಕ್ಕೆ. ನಿಮ್ಮ ಮನೆಯವರಲ್ಲಿ ಹಿರಿಯರು ಯಾರಿದ್ದರೂ ಇದನ್ನು ಸ್ವಂತ ಅನುಭವದಿಂದ ಹೇಳುತ್ತಾರೆ.

ಇದನ್ನೇ 7 ಮೆಗಾಹರ್ಟ್ಸ್‌ಗೆ ಅನ್ವಯಿಸಿ. ತಾರಸಿಯ ಮೇಲಿನ, ಹೆಚ್ಚು ಎತ್ತರವಿಲ್ಲದ ತಂತಿ ತನ್ನ ಶಕ್ತಿಯ ಬಹುಪಾಲನ್ನು ನೇರ ಮೇಲಕ್ಕೆ ಕಳುಹಿಸುತ್ತದೆ. ಅದು ‘ಎಫ್’ ಪದರದಿಂದ ಮರಳಿ ಬಂದು ಸುತ್ತಲಿನ ಮುನ್ನೂರು–ನಾನ್ನೂರು ಕಿಲೋಮೀಟರ್ ಪ್ರದೇಶದ ಮೇಲೆ ಹರಡುತ್ತದೆ. ಬೆಳಿಗ್ಗೆ ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿನವರ ಜೊತೆ ಮಾತು ಸ್ಪಷ್ಟವಾಗಿರುವುದು ಹೀಗೆ. ರಾತ್ರಿ ಬೆಳೆದಂತೆ ‘ಎಫ್’ ಪದರ ತೆಳುವಾಗಿ, ನೇರ ಮೇಲಕ್ಕೆ ಹೋದ ಅಲೆಯನ್ನು ಮರಳಿಸಲಾರದಂತಾಗಬಹುದು. ಆಗ ಓರೆಯಾಗಿ ಹೊರಟ ಅಲೆಗಳಷ್ಟೇ ಬಾಗಿ ಬಹುದೂರದಲ್ಲಿ ನೆಲಕ್ಕಿಳಿಯುತ್ತವೆ: ಬೆಂಗಳೂರು ಮರೆಯಾಗಿ, ಸಾವಿರಾರು ಕಿಲೋಮೀಟರ್ ಆಚೆಯ ನಿಲ್ದಾಣ ಪಕ್ಕದ ಬೀದಿಯಿಂದ ಮಾತನಾಡಿದಂತೆ ಕೇಳಿಸುತ್ತದೆ. ನಡುವೆ ಯಾವ ಅಲೆಯೂ ಮುಟ್ಟದ ಆ ಪಟ್ಟಿಗೆ ಸ್ಕಿಪ್ ವಲಯ ಎನ್ನುತ್ತಾರೆ. ಹಗಲು, ರಾತ್ರಿ, ಪದರ, ಕೋನ ಈ ನಾಲ್ಕನ್ನು ಸೇರಿಸಿ ಅರ್ಧ ಪುಟ ಬರೆಯಲು ಬಂದರೆ ಅಲೆಗಳ ಪ್ರಸರಣದ ಪಾಠವನ್ನು ಗಟ್ಟಿಯಾಗಿ ಕಲಿತಂತಾಯಿತು.

ಕೈಯಲ್ಲಿ ಹಿಡಿಯುವ ಸೆಟ್ಟುಗಳು ಕೆಲಸ ಮಾಡುವ 144–146 ಮೆಗಾಹರ್ಟ್ಸ್ ಬ್ಯಾಂಡಿನ ನಡತೆಯೇ ಬೇರೆ. ಈ ಅಲೆಗಳು ಸಾಮಾನ್ಯವಾಗಿ ಅಯಾನುಗೋಳವನ್ನು ಸೀಳಿಕೊಂಡು ಹೋಗುತ್ತವೆ. ನೆಲದ ಮೇಲೆ ಅವುಗಳ ವ್ಯಾಪ್ತಿ ದೃಷ್ಟಿರೇಖೆಗಿಂತ ಸ್ವಲ್ಪ ಹೆಚ್ಚು. ಆಂಟೆನಾದ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಎಷ್ಟು ಕಿಲೋಮೀಟರ್ ಎಂದು ತಿಳಿಯುತ್ತದೆ. ನೆಲದಿಂದ 9 ಮೀಟರ್ ಎತ್ತರದ ತಾರಸಿಗೆ ಅದು ಸುಮಾರು 12 ಕಿಲೋಮೀಟರ್. ಎರಡೂ ಕಡೆ ಅಷ್ಟೇ ಎತ್ತರವಿದ್ದರೆ ಒಟ್ಟು 25. ದಾವಣಗೆರೆಗೂ ಚಿತ್ರದುರ್ಗಕ್ಕೂ ಸುಮಾರು 60 ಕಿಲೋಮೀಟರ್ ಇರುವುದರಿಂದ ಮನೆಯಿಂದ ಮನೆಗೆ ಈ ಬ್ಯಾಂಡಿನಲ್ಲಿ ಮಾತು ಕಷ್ಟ. ಆದರೆ ಸುತ್ತಲಿನ ಬಯಲಿಗಿಂತ 400 ಮೀಟರ್ ಎತ್ತರದ ಗುಡ್ಡವೊಂದಿದ್ದರೆ ಅದರ ದಿಗಂತ 82 ಕಿಲೋಮೀಟರ್ ಆಗುತ್ತದೆ. ದುರ್ಗದ ಸುತ್ತಲಿನ ಬೆಟ್ಟಸಾಲುಗಳನ್ನು ನೋಡಿದಾಗ ಹ್ಯಾಮ್‌ಗಳ ಕಣ್ಣರಳುವುದಕ್ಕೆ ಈ ವರ್ಗಮೂಲವೇ ಕಾರಣ. ಒಂದು ಆವೃತ್ತಿಯಲ್ಲಿ ಕೇಳಿಸಿಕೊಂಡು ಅದೇ ಕ್ಷಣದಲ್ಲಿ ಇನ್ನೊಂದು ಆವೃತ್ತಿಯಲ್ಲಿ ಮರುಪ್ರಸಾರ ಮಾಡುವ ರಿಪೀಟರ್‌ಗಳನ್ನು ಎತ್ತರದ ಜಾಗದಲ್ಲಿ ಇಡುವುದೂ ಇದಕ್ಕಾಗಿಯೇ.

ಮಾಡ್ಯುಲೇಶನ್, ಎಂದರೆ ಅಲೆಯ ಮೇಲೆ ಮಾತನ್ನು ಹೇರುವ ಬಗೆಯ ಕುರಿತು ಹೆಚ್ಚು ಹೇಳುವುದಿಲ್ಲ. ಎಎಂ ಪ್ರಸಾರದಲ್ಲಿ ವಾಹಕ ಅಲೆಯೂ ಅದರ ಎರಡು ಬದಿಗಳಲ್ಲಿ ಒಂದೇ ಮಾತಿನ ಎರಡು ಪ್ರತಿಗಳೂ ಇರುತ್ತವೆ, ಮತ್ತು ಅದಕ್ಕೆ ಸುಮಾರು 6 ಕಿಲೋಹರ್ಟ್ಸ್ ಜಾಗ ಬೇಕು. ವಾಹಕವನ್ನೂ ಒಂದು ಪ್ರತಿಯನ್ನೂ ತೆಗೆದುಹಾಕಿದರೆ ಉಳಿಯುವುದು ಎಸ್‌ಎಸ್‌ಬಿ. ಅದಕ್ಕೆ 3 ಕಿಲೋಹರ್ಟ್ಸ್‌ಗಿಂತ ಕಡಿಮೆ ಜಾಗ ಸಾಕು, ಇಡೀ ಶಕ್ತಿ ಮಾತಿಗೇ ಸಲ್ಲುತ್ತದೆ. 10 ಮೆಗಾಹರ್ಟ್ಸ್‌ಗಿಂತ ಕೆಳಗೆ ಎಲ್‌ಎಸ್‌ಬಿ (ಕೆಳಬದಿಯ ಪ್ರತಿ), ಮೇಲೆ ಯುಎಸ್‌ಬಿ (ಮೇಲ್ಬದಿಯ ಪ್ರತಿ) ಬಳಸುವುದು ರೂಢಿ. 145 ಮೆಗಾಹರ್ಟ್ಸ್‌ನ ಕೈಸೆಟ್ಟುಗಳು ಎಫ್‌ಎಂನಲ್ಲಿ ಕೆಲಸ ಮಾಡುತ್ತವೆ.

ಸಿದ್ಧಾಂತಕ್ಕಿಂತ ನಿರ್ವಹಣೆಯ ಭಾಗವನ್ನು ಜನ ಹಗುರವಾಗಿ ಕಾಣುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಮೊದಲ ಪಾಠವೇ ಕೇಳುವುದು: ಯಾವುದೇ ಆವೃತ್ತಿಗೆ ಹೋದಾಗ ಸ್ವಲ್ಪ ಹೊತ್ತು ಸುಮ್ಮನೆ ಕೇಳಿ, ಆಮೇಲೆ ಇಲ್ಲಿ ಯಾರಾದರೂ ಇದ್ದೀರಾ ಎಂದು ವಿಚಾರಿಸಿ, ಉತ್ತರ ಬರದಿದ್ದರೆ ಮಾತ್ರ ಸಿಕ್ಯು ಎಂದು ಎಲ್ಲರಿಗೂ ಕರೆ ಕೊಡಬೇಕು. ಕಾಲ್‌ಸೈನನ್ನು ಮಾತಿನ ಆರಂಭದಲ್ಲಿ, ಕೊನೆಯಲ್ಲಿ, ಮಾತು ದೀರ್ಘವಾದರೆ ನಡುನಡುವೆಯೂ ಹೇಳಬೇಕು, ಮತ್ತು ಅಕ್ಷರಗಳನ್ನು ಅಂತರರಾಷ್ಟ್ರೀಯ ಉಚ್ಚಾರಣಾ ಪಟ್ಟಿಯಂತೆ ಬಿಡಿಸಿ ಹೇಳಬೇಕು. ಅಭ್ಯಾಸಕ್ಕೆ ನಿಮ್ಮ ಊರಿನ ಹೆಸರನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬಿಡಿಸಿ ನೋಡಿ: ಡೆಲ್ಟಾ, ಆಲ್ಫಾ, ವಿಕ್ಟರ್, ಆಲ್ಫಾ, ನವೆಂಬರ್, ಆಲ್ಫಾ, ಗಾಲ್ಫ್, ಎಕೊ, ರೋಮಿಯೊ, ಎಕೊ. ಬಸ್ಸಿನಲ್ಲಿ ಹೋಗುವಾಗ ಅಂಗಡಿಗಳ ಬೋರ್ಡುಗಳನ್ನೂ ವಾಹನಗಳ ನಂಬರ್ ಪ್ಲೇಟುಗಳನ್ನೂ ಹೀಗೆ ಓದಿಕೊಂಡರೆ ಒಂದು ವಾರದಲ್ಲಿ ಪಟ್ಟಿ ನಾಲಿಗೆಗೆ ಹತ್ತುತ್ತದೆ. ಕ್ಯು ಅಕ್ಷರದಿಂದ ಆರಂಭವಾಗುವ ಮೂರಕ್ಷರದ ಕ್ಯು ಸಂಕೇತಗಳಲ್ಲಿ ನಿತ್ಯ ಬೇಕಾಗುವವು ಕೆಲವೇ: ಇರುವ ಸ್ಥಳಕ್ಕೆ ಕ್ಯುಟಿಎಚ್, ಸಂದೇಶ ತಲಪಿತೆನ್ನಲು ಕ್ಯುಎಸ್‌ಎಲ್, ಇತರ ನಿಲ್ದಾಣಗಳ ಅಡಚಣೆಗೆ ಕ್ಯುಆರ್‌ಎಂ, ಗುಡುಗು–ಮಿಂಚಿನಂಥ ಸಹಜ ಗದ್ದಲಕ್ಕೆ ಕ್ಯುಆರ್‌ಎನ್, ದನಿ ಏರಿಳಿದರೆ ಕ್ಯುಎಸ್‌ಬಿ, ಆವೃತ್ತಿ ಬದಲಿಸಲು ಕ್ಯುಎಸ್‌ವೈ. ಸಿಗ್ನಲ್ ವರದಿಯಲ್ಲಿ ಮೊದಲ ಅಂಕ 1ರಿಂದ 5ರವರೆಗೆ ಸ್ಪಷ್ಟತೆಗೆ, ಎರಡನೆಯದು 1ರಿಂದ 9ರವರೆಗೆ ಬಲಕ್ಕೆ. ಮಾರ್ಸ್‌ನಲ್ಲಿ ಮೂರನೆಯ ಅಂಕ ಸ್ವರದ ಶುದ್ಧತೆಗೆ. ಎಲ್ಲರಿಗೂ 59 ಕೊಡುವ ಅಭ್ಯಾಸ ಹರಡಿದೆ. ಎದುರಿನವರು ತಮ್ಮ ಆಂಟೆನಾವನ್ನು ಪರೀಕ್ಷಿಸುತ್ತಿರಬಹುದು, ಆದ್ದರಿಂದ ಕೇಳಿಸಿದ್ದನ್ನು ಕೇಳಿಸಿದಂತೆಯೇ ಹೇಳಿ.

ಲಾಗ್ ಪುಸ್ತಕವಂತೂ ನಿಮಗೆ ಸಲೀಸು. ನಿಮ್ಮ ಅಂಗಡಿಯ ರೋಜು ಕೀರ್ದಿಯಂತೆ ಅದನ್ನು ಆಯಾ ಹೊತ್ತಿಗೆ, ಅಳಿಸದೆ, ಸಾಲು ಬಿಡದೆ ಬರೆಯಬೇಕು: ದಿನಾಂಕ, ವೇಳೆ, ಆವೃತ್ತಿ, ಪ್ರಸಾರದ ವಿಧ, ಎದುರಿನ ಕಾಲ್‌ಸೈನ್, ಕೊಟ್ಟ ಮತ್ತು ಪಡೆದ ವರದಿ. ಹೊರದೇಶದವರೊಂದಿಗೆ ಮಾತನಾಡಿದಾಗ ವೇಳೆಯನ್ನು ಯುಟಿಸಿ ಎಂಬ ಅಂತರರಾಷ್ಟ್ರೀಯ ಪ್ರಮಾಣ ವೇಳೆಯಲ್ಲಿ ಬರೆಯುತ್ತಾರೆ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. 5ನೇ ತಾರೀಖಿನ ನಸುಕಿನ 2 ಗಂಟೆಗೆ ಮಾತನಾಡಿದರೆ ಯುಟಿಸಿಯಲ್ಲಿ ಅದು 4ನೇ ತಾರೀಖಿನ ರಾತ್ರಿ 8:30. ತಾರೀಖು ಬದಲಾಗುವುದನ್ನು ಮರೆಯಬಾರದು.

ನಿಯಮಗಳ ಭಾಗವನ್ನು ಉರು ಹೊಡೆಯುವ ಮೊದಲು ಅವುಗಳ ಹಿಂದಿನ ಕಾರಣವನ್ನು ಹಿಡಿಯಿರಿ. ಹವ್ಯಾಸಿ ಸೇವೆ ಇರುವುದು ಸ್ವಯಂಕಲಿಕೆ, ಪರಸ್ಪರ ಸಂಪರ್ಕ ಮತ್ತು ತಾಂತ್ರಿಕ ಪ್ರಯೋಗಕ್ಕಾಗಿ. ಹಣದ ಲಾಭಕ್ಕೆ ಅಲ್ಲಿ ಎಡೆಯಿಲ್ಲ. ಈ ಒಂದು ವ್ಯಾಖ್ಯೆಯಿಂದಲೇ ಬಹಳಷ್ಟು ನಿಷೇಧಗಳು ಹೊರಡುತ್ತವೆ. ಅಂಗಡಿಗೆ ಸರಕು ಬಂತೇ ಎಂದು ರೇಡಿಯೊದಲ್ಲಿ ಕೇಳುವಂತಿಲ್ಲ, ಹಾಡು ಹಾಕುವಂತಿಲ್ಲ, ಸಾರ್ವಜನಿಕ ಪ್ರಸಾರ ಮಾಡುವಂತಿಲ್ಲ, ಗುಪ್ತ ಸಂಕೇತ ಭಾಷೆ ಬಳಸುವಂತಿಲ್ಲ, ಆಕಸ್ಮಿಕವಾಗಿ ಕಿವಿಗೆ ಬಿದ್ದ ಬೇರೆ ಸೇವೆಗಳ ಸಂದೇಶವನ್ನು ಯಾರಿಗೂ ತಿಳಿಸುವಂತಿಲ್ಲ. ಮೂರನೆಯವರ ಸಂದೇಶ ಸಾಗಿಸಲು ಸಾಮಾನ್ಯ ದಿನಗಳಲ್ಲಿ ಅವಕಾಶವಿಲ್ಲ. ವಿಪತ್ತಿನ ಸಂದರ್ಭದಲ್ಲಿ ಅದಕ್ಕೆ ವಿನಾಯಿತಿ ಇದೆ. ಆ ವಿನಾಯಿತಿಯ ಬೆಲೆ ಏನೆಂದು 2004ರ ಡಿಸೆಂಬರ್‌ನಲ್ಲಿ ದೇಶವೇ ಕಂಡಿತು. ಭಾರತಿ ಪ್ರಸಾದ್ ಅವರ ನೇತೃತ್ವದ ಹ್ಯಾಮ್ ತಂಡವೊಂದು ಹವ್ಯಾಸಿ ಪ್ರಸಾರಕ್ಕೆಂದು ಪೋರ್ಟ್ ಬ್ಲೇರ್‌ನಲ್ಲಿತ್ತು. 26ರ ಬೆಳಿಗ್ಗೆ ಸುನಾಮಿ ಅಪ್ಪಳಿಸಿ ದೂರವಾಣಿ ಸಂಪರ್ಕ ಕಡಿದುಹೋದಾಗ, ಅಂಡಮಾನ್‌ನ ಸುದ್ದಿಯನ್ನೂ ಸಿಲುಕಿಕೊಂಡವರ ಕ್ಷೇಮ ಸಮಾಚಾರವನ್ನೂ ಮುಖ್ಯಭೂಮಿಗೆ ತಲಪಿಸಿದ್ದು ಆ ತಂಡದ ಸೆಟ್ಟುಗಳು. ಕಾಲ್‌ಸೈನ್ ಸ್ಪಷ್ಟವಾಗಿ ಹೇಳುವುದು, ಹೆಸರನ್ನು ಅಕ್ಷರ ಬಿಡಿಸಿ ಹೇಳುವುದು, ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯುವುದು ಇವೆಲ್ಲ ಅಂಥ ದಿನ ಕೆಲಸಕ್ಕೆ ಬರುತ್ತವೆ. ಮೇಡೇ ಅಥವಾ ಎಸ್‌ಒಎಸ್ ಕರೆ ಕೇಳಿಸಿದರೆ ಉಳಿದೆಲ್ಲ ಮಾತು ನಿಲ್ಲಬೇಕೆಂಬ ನಿಯಮವನ್ನು ಪ್ರಶ್ನೆಪತ್ರಿಕೆಗಷ್ಟೇ ಸೀಮಿತವೆಂದು ಓದಬೇಡಿ.

ಸುರಕ್ಷತೆಯ ಬಗ್ಗೆ ಮೂರು ಮಾತು ಅಗತ್ಯ. ಕಂಬ ಯಾವ ಕಡೆ ಬಿದ್ದರೂ ತಂತಿ ಬೀದಿಯ ವಿದ್ಯುತ್ ಲೈನಿಗೆ ತಾಗದಷ್ಟು ದೂರವಿರಲಿ. 11 ಕೆವಿ ಲೈನ್ ಮನೆಯ ಪಕ್ಕದಲ್ಲೇ ಹಾದುಹೋಗುವ ಬಡಾವಣೆಗಳಲ್ಲಿ ಈ ಅಳತೆಯನ್ನು ಮೊದಲು ಮಾಡಬೇಕು. ನಮ್ಮಲ್ಲಿ ಏಪ್ರಿಲ್–ಮೇ ಸಂಜೆಗಳಲ್ಲಿ ಗುಡುಗು–ಸಿಡಿಲಿನ ಮಳೆ ಹಠಾತ್ತನೆ ಬರುವುದರಿಂದ, ಸೆಟ್ಟು ಬಳಸದ ಹೊತ್ತಿನಲ್ಲಿ ಕೇಬಲ್ಲನ್ನು ಕಳಚಿ ಮನೆಯ ಹೊರಗಿಡಿ. ಅರ್ತಿಂಗ್ ಇದೆಯೆಂದು ಈ ಕೆಲಸ ಬಿಡಬೇಡಿ. ಪವರ್ ಸಪ್ಲೈಯ ಮುಚ್ಚಳ ತೆರೆಯುವ ಮೊದಲು ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳು ವಿದ್ಯುತ್ ಹಿಡಿದಿರುತ್ತವೆಂಬುದು ನೆನಪಿರಲಿ.

ಇನ್ನು ಕಲಿಕೆಯ ದಾರಿ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಟ್ಯೂನ್ ಮಾಡಿ ಕೇಳಬಹುದಾದ ವೆಬ್ ಎಸ್‌ಡಿಆರ್ ರಿಸೀವರ್‌ಗಳಿವೆ. ದಿನಕ್ಕೆ ಅರ್ಧ ಗಂಟೆ 40 ಮೀಟರ್ ಬ್ಯಾಂಡನ್ನು ಕೇಳಿ, ಕೇಳಿಸಿದ ಕಾಲ್‌ಸೈನ್‌ಗಳನ್ನು ನೋಟ್‌ಬುಕ್ಕಿನಲ್ಲಿ ಲಾಗ್ ಕ್ರಮದಲ್ಲೇ ಬರೆಯಿರಿ. ಮಾರ್ಸ್ ಕಲಿಯುವುದಾದರೆ ಚುಕ್ಕೆ–ಗೆರೆಗಳ ಪಟ್ಟಿಯನ್ನು ಕಣ್ಣಿನಿಂದ ಓದಬೇಡಿ, ಕಿವಿಯಿಂದ ಲಯವಾಗಿಯೇ ಕಲಿಯಿರಿ. ಪದಕ್ಕೆ ಐದು ಅಕ್ಷರದ ಲೆಕ್ಕದಲ್ಲಿ ನಿಮಿಷಕ್ಕೆ 8 ಪದ ಎಂದರೆ 40 ಅಕ್ಷರ, ಪಟ್ಟಿಯನ್ನು ನೆನಪಿಸಿಕೊಳ್ಳುತ್ತ ಕೂತರೆ ಆ ವೇಗ ಹಿಡಿಯಲಾಗದು. ಪರವಾನಗಿ ಇರುವ ಹ್ಯಾಮ್ ಒಬ್ಬರ ನಿಲ್ದಾಣಕ್ಕೆ ಹೋಗಿ ಕುಳಿತುಕೊಳ್ಳಲು ಸಾಧ್ಯವಾದರೆ ಬಿಡಬೇಡಿ. ನನಗೆ ತಿಳಿದಂತೆ ಹ್ಯಾಮ್‌ಗಳು ಬಂದವರಿಗೆ ಕಾಫಿ ಕೊಟ್ಟು ಸೆಟ್ಟು ತೋರಿಸುವ ಜನ.

ಪರೀಕ್ಷೆಯ ಅರ್ಜಿ ಹಾಕುವ ಮೊದಲು ಆ ಸಲದ ಪ್ರಕಟಣೆಯಲ್ಲಿ ಪಠ್ಯಕ್ರಮ, ಶುಲ್ಕ, ಪರೀಕ್ಷಾ ಕೇಂದ್ರಗಳನ್ನು ನೋಡಿಕೊಳ್ಳಿ. ಉತ್ತೀರ್ಣರಾಗಿ ಪ್ರಮಾಣಪತ್ರ ಕೈಗೆ ಬಂದರೂ ಪ್ರಸಾರಕ್ಕೆ ಅಷ್ಟೇ ಸಾಲದು. ನಿಲ್ದಾಣದ ಪರವಾನಗಿಗೆ ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲ್‌ನಲ್ಲಿ ಬೇರೆ ಅರ್ಜಿ ಸಲ್ಲಿಸಿ, ಕಾಲ್‌ಸೈನ್ ಬಂದ ಮೇಲೆಯೇ ಸೆಟ್ಟು ಕೊಳ್ಳಬೇಕು. ಕಾಯುವ ಆ ಅವಧಿಯಲ್ಲಿ ತಂತಿ, ಪೈಪು, ಹಗ್ಗ ತಂದು ತಾರಸಿಯ ಕೆಲಸ ಮುಗಿಸಿಕೊಳ್ಳಬಹುದು. ಡೈಪೋಲ್ ಕಟ್ಟಿ ಅನಲೈಸರ್‌ನಲ್ಲಿ ಅಳೆಯಲು ಕಾಲ್‌ಸೈನ್ ಬೇಕಿಲ್ಲ.